ಮಡುವಿನ ಮೇಲೆ ಎಳೆದ ಹಗ್ಗ

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಬೇಸಿಗೆ, ಬೆಳಗಿನ ಬಿಸಿಲು ಏರುವ ಹೊತ್ತು. ಕೊಡಿಗೇನಹಳ್ಳಿಗೆ ಮೂಡಲಲ್ಲಿ, ಜಯಮಂಗಲಿ ಹೊಳೆಯ ಮಡುವಿನ ಈಚೆ ದಡದಲ್ಲಿ ನಾನು ನಿಂತಿದ್ದೆ. ಊರಿನ ಶಾನುಭೋಗನಾಗಿ ಗಡಿಕಲ್ಲು ನೋಡಲು ಊರಿನ ಚಾಕರಿಯವನಾದ ತೋಟಿಯೊಡನೆ ಹೋಗಿದ್ದೆ. ಮಡುವಿನ ಈಚೆಯ ನೀರು ಮೈಸೂರಿನದು, ಆಚೆಯದು ಮದ್ರಾಸಿನದು.

ಹೊಳೆ ಬತ್ತಿದಾಗ ಮೀನೆಲ್ಲ ಸೇರುವುದು ಆ ಮಡುವಿಗೆ. ಹೊಸ ನೀರು ಬರುವವರೆಗೆ ನಮ್ಮ ಬೆಸ್ತರು ಅಲ್ಲಿ ಬಲೆ ಬೀಸುತ್ತಿರಲಿಲ್ಲ. ತಾಯಿಮೀನು ಉಳಿದರೆ ಮುಂದಿನ ವರ್ಷದ ಊಟ. ಗಂಡ ಸತ್ತ ಮೇಲೆ ಬಲೆ ಹಿಡಿದ ಒಬ್ಬ ಹೆಂಗಸು ಮಡುವನ್ನು ಕಾಯುತ್ತಿದ್ದಳು. ಅಂದೂ ಅಲ್ಲೇ ಇದ್ದಳು. ಮದ್ದು ಹಾಕಿ ಮೀನು ಕೊಂದರೆ ನಮ್ಮ ಸಂಸ್ಥಾನದಲ್ಲಿ ಶಿಕ್ಷೆಯೂ ಇತ್ತು.

ಆಚೆ ದಡಕ್ಕೆ ಮೂವರು ಬಂದರು. ಬಾವಿ ತೋಡುವವರ ಸಿಡಿಮದ್ದು ಕೈಲಿತ್ತು. ನಾನು ಕೂಗಿದೆ. ಇದು ತಮ್ಮ ಸರ್ಕಾರದ ನೀರು ಎಂದು ತೆಲುಗಿನಲ್ಲಿ ಹೇಳಿ ಎಸೆದರು. ಕಾಲಡಿಯ ನೆಲ ನಡುಗಿತು. ನೀರು ಸುಮ್ಮನಾದ ಮೇಲೆ ಬಿಳಿ ಹೊಟ್ಟೆಗಳು ಒಂದೊಂದಾಗಿ ಮೇಲೆದ್ದವು. ಸಿಕ್ಕಷ್ಟು ಬಾಚಿಕೊಂಡು ಅವರು ಹೋದರು. ಮಿಕ್ಕಿದ್ದನ್ನು ಗಾಳಿ ನಮ್ಮ ದಡಕ್ಕೆ ತಂದಿತು.

ಅರ್ಜಿ ಬರೆಯುವ ಮೊದಲು ಅಳೆಯಬೇಕೆನಿಸಿತು. ಮಡುವಿನ ಎರಡು ಕೊನೆಗಳಲ್ಲಿದ್ದ ಗಡಿಕಲ್ಲುಗಳ ನಡುವೆ ಹಗ್ಗ ಎಳೆದೆವು; ಇನ್ನೊಂದು ತುದಿ ತೋಟಿಯ ಕೈಲಿ. ಮದ್ದು ಬಿದ್ದು ಕೆಸರೆದ್ದ ಜಾಗ ಹಗ್ಗದಿಂದ ಹನ್ನೊಂದು ಮೊಳ ಆಚೆ ಇತ್ತು.

“ಈಚೆಗೇ ಬಿತ್ತು ಅಂತ ಬರ್ಕಳಿ ಶಾನುಭೋಗ್ರೆ,” ಎಂದಳು ಮಡು ಕಾಯುವವಳು.

ಕಂಡದ್ದನ್ನಷ್ಟೇ ಬರೆಯುತ್ತೇನೆ ಎಂದೆ. ಅವಳು ಒಂದು ಸತ್ತ ಮೀನಿನ ಹೊಟ್ಟೆ ಹಿಸುಕಿದಳು. ಅಂಗೈ ತುಂಬ ಮೊಟ್ಟೆ.

“ಹಗ್ಗ ಹಿಡ್ಕಂಡು ನೀರ್ ಅಳೀತೀರಲ್ಲ, ಇದ್ನೂ ಒಸಿ ಅಳೀರಿ.”

ನಾನು ಹನ್ನೊಂದು ಮೊಳವನ್ನೇ ಬರೆದೆ. ಮದ್ದು ನಮ್ಮ ಸರಹದ್ದಿನಲ್ಲಿ ಬಿದ್ದಿಲ್ಲ ಎಂದು ನಮ್ಮ ಕಚೇರಿಯಿಂದ ಅರ್ಜಿ ವಾಪಸು ಬಂತು. ಮದ್ರಾಸಿನವರ ಕಚೇರಿಯಿದ್ದ ಹಿಂದೂಪುರಕ್ಕೆ ನಡೆದೆ. ಸತ್ತ ಮೀನು ಸಿಕ್ಕಿದ್ದು ಮೈಸೂರಿನಲ್ಲಿ, ನಮಗೇನು ಎಂದರು. ಎರಡೂ ಸರ್ಕಾರಗಳಿಗೆ ಸೇರಿದ ಕಾನೂನು ಯಾವುದಾದರೂ ಇದೆಯೇ ಎಂದು ಕೇಳಿದೆ. ಗುಮಾಸ್ತ ನಕ್ಕ.

ಯುದ್ಧ ಮುಗಿದ ಮೇಲೆ, ಸಮುದ್ರದ ತಿಮಿಂಗಿಲಗಳನ್ನು ಉಳಿಸಲು ದೇಶದೇಶಗಳು ಒಪ್ಪಂದ ಮಾಡಿಕೊಂಡವೆಂದು ಪತ್ರಿಕೆಯಲ್ಲಿ ಬಂದಿತ್ತು. ಮುರಿದವನನ್ನು ಯಾವ ಸರ್ಕಾರ ಹಿಡಿಯಬೇಕು ಎಂಬ ಮಾತಿಗಾಗಿ ಎರಡು ಸಲ ಓದಿದೆ. ಆ ಸುದ್ದಿಯಲ್ಲಿ ಅದಿರಲಿಲ್ಲ.

ಮದ್ದು ಬಿದ್ದ ಮರುವರ್ಷವೇ ಹೊಳೆ ಬಂದಿತ್ತು. ಬಲೆಗೆ ಬಿದ್ದದ್ದು ಪಾಚಿ. ಅವಳು ಕೂಲಿಗೆ ಹೋದಳು.

ಅಂದು ಈಚೆ ದಡದಲ್ಲಿ ಕಂಡವರು ನಾವು ಮೂವರೇ, ಮೂವರೂ ಇನ್ನೂ ಬದುಕಿದ್ದೇವೆ. ಹನ್ನೊಂದು ಮೊಳವೇ ಸರಿ ಎನ್ನುತ್ತಾನೆ ತೋಟಿ. ಆ ಹೆಂಗಸು ಮಾತ್ರ, ಯಾರು ಕೇಳಿದರೂ, ಮದ್ದು ಈಚೆಗೇ ಬಿತ್ತು ಎನ್ನುತ್ತಾಳೆ.