ನಾನು ಬರೆದ ತಪ್ಪು ವಾಕ್ಯ

ಕೋವಿಡ್ ಕಳೆದು ತರಗತಿಗಳು ಮತ್ತೆ ಪೂರ್ತಿಯಾಗಿ ನಡೆಯತೊಡಗಿದ ವರ್ಷ. ನಾನು ಕೋಲಾರದ ಒಂದು ಕಾಲೇಜಿನಲ್ಲಿ ಸಮಾಜಕಾರ್ಯ ವಿಭಾಗದ ಅಧ್ಯಾಪಕಿಯಾಗಿದ್ದೆ. ನಮ್ಮ ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿಗಳು ವಾರಕ್ಕೆ ಎರಡು ದಿನ ಹಳ್ಳಿಗಳಲ್ಲಿ ಜನರ ಜೊತೆ ಕೆಲಸ ಮಾಡಬೇಕು. ಅದಕ್ಕೆ ಫೀಲ್ಡ್‌ವರ್ಕ್ ಅನ್ನುತ್ತೇವೆ. ಆ ಸಲ ಆರು ಮಂದಿಯನ್ನು ಮುಳಬಾಗಿಲು ತಾಲ್ಲೂಕಿನ ಆಂಧ್ರ ಗಡಿಯಲ್ಲಿರುವ, ಇರುಳಿಗ ಬುಡಕಟ್ಟಿನವರ ಕಾಲೊನಿಗೆ ಕರೆದುಕೊಂಡು ಹೋದೆ. ಜಾಗ ನನಗೆ ಹೊಸದಲ್ಲ. ನಾಲ್ಕು ವರ್ಷ ಮೊದಲು ಅಲ್ಲೇ ಅಧ್ಯಯನ ಮಾಡಿ ವರದಿ ಬರೆದಿದ್ದೆ. ಅದರ ಒಂದು ಪ್ರತಿಯನ್ನು ಹೆಮ್ಮೆಯಿಂದ ತಾಲ್ಲೂಕು ಕಚೇರಿಗೂ ಕೊಟ್ಟು ಬಂದಿದ್ದೆ.

ಕಾಲೊನಿಯ ಹಿರಿಯಳು ಎಲ್ಲಮ್ಮ. ಎಪ್ಪತ್ತು ದಾಟಿದ ಹೆಂಗಸು. ನಮಗೆ ಕೂರಿ ಎನ್ನಲಿಲ್ಲ. ಒಳಗಿನಿಂದ ಒಂದು ಕಾಗದ ತಂದು ನನ್ನ ಕೈಗೆ ಕೊಟ್ಟಳು. ಅವಳ ಮೊಮ್ಮಗಳು ಗಂಗಾ ಆ ಕಾಲೊನಿಯಲ್ಲಿ ಪಿಯುಸಿ ಪಾಸಾದ ಮೊದಲ ಹುಡುಗಿ. ನರ್ಸಿಂಗ್ ಸೇರಲು ಜಾತಿ ಪ್ರಮಾಣಪತ್ರ ಬೇಕಿತ್ತು. ಅವಳ ಅರ್ಜಿ ತಿರಸ್ಕರಿಸಿ ಕಚೇರಿ ಕೊಟ್ಟ ಹಿಂಬರಹವೇ ಆ ಕಾಗದ. ಕಾರಣ ಒಂದೇ ಸಾಲು: 'ಈ ಕುಟುಂಬಗಳು ಅಲೆಮಾರಿಗಳು, ಇವರಿಗೆ ಖಾಯಂ ನೆಲೆ ಇರುವುದಿಲ್ಲ.' ಕೆಳಗೆ ಆಧಾರವೆಂದು ನನ್ನ ವರದಿಯ ಹೆಸರು.

ಆ ವಾಕ್ಯ ನನ್ನದೇ. ನಾಲ್ಕು ವರ್ಷದ ಹಿಂದೆ ಏಪ್ರಿಲ್ ಕೊನೆಯಲ್ಲಿ ನಾನು ಬಂದಾಗ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಅಕ್ಕಪಕ್ಕದವರನ್ನು ಸರಿಯಾಗಿ ಕೇಳದೆ, ಊರು ಬಿಟ್ಟು ಅಲೆಯುತ್ತಾರೆ ಎಂದು ಬರೆದುಬಿಟ್ಟಿದ್ದೆ.

"ಯಾಕಮ್ಮಾ ಮೇಡಂನೋರೆ," ಎಂದಳು ಎಲ್ಲಮ್ಮ, "ಕಾಯಿ ಬಿಡೋ ಕಾಲ್ದಾಗೆ ಶ್ರೀನಿವಾಸಪುರದ ಮಾವಿನ ತೋಪು ಕಾಯಕ್ಕೆ ಹೋಗ್ತೀವಿ. ಮೂರು ತಿಂಗಳಿಗೆ ತಿರ್ಗಾ ಬರ್ತೀವಿ. ಅದಕ್ಕೆ ಊರೇ ಇಲ್ಲ ಅಂತ ಬರ್ದ್ರಾ? ನೀವು ರಜಕ್ಕೆ ತವರಿಗೆ ಹೋದ್ರೆ ನಿಮ್ಮನೆ ನಿಮ್ಮದಲ್ವಾ?"

ವಿದ್ಯಾರ್ಥಿಗಳು ನನ್ನ ಮುಖ ನೋಡುತ್ತಿದ್ದರು. ಸಂಶೋಧನಾ ವಿಧಾನ ಅವರಿಗೆ ಪಾಠ ಮಾಡುತ್ತಿದ್ದವಳೇ ನಾನು. "ತಪ್ಪು ನನ್ನದು. ನಾನೇ ಸರಿ ಮಾಡ್ತೀನಿ," ಎಂದೆ. ಎಲ್ಲಮ್ಮ ನಂಬಿದಂತೆ ಕಾಣಲಿಲ್ಲ.

ಮಾರನೆಯ ದಿನ ವಿಭಾಗದ ಮುಖ್ಯಸ್ಥರಿಗೆ ವಿಷಯ ತಿಳಿಸಿದೆ. ಅವರು ಒಳ್ಳೆಯ ಮನುಷ್ಯ, ನನ್ನ ಹಿತಕ್ಕೇ ಹೇಳಿದರು: "ಪ್ರಮೋಷನ್ ಫೈಲ್ ಮೇಲಕ್ಕೆ ಹೋಗಿದೆ. ಇಂಥ ಹೊತ್ತಲ್ಲಿ 'ನನ್ನ ವರದಿ ತಪ್ಪು' ಅಂತ ನೀವೇ ಬರ್ಕೊಡ್ತೀರಾ? ಹೊಸ ವರದಿ ಬರೀರಿ ಸಾಕು, ಹಳೇದನ್ನ ಕೆದಕಬೇಡಿ." ಹೊಸದನ್ನಷ್ಟೇ ಬರೆದರೆ ಹಳೆಯದು ಫೈಲಿನಲ್ಲಿ ಹಾಗೇ ಉಳಿಯುತ್ತದೆ. ಒಪ್ಪಲಾಗಲಿಲ್ಲ.

ಬರಿ ಕ್ಷಮೆ ಕೇಳಿದರೆ ಕಚೇರಿ ಒಪ್ಪುವುದಿಲ್ಲ, ದಾಖಲೆ ಬೇಕು. ಶ್ರೀನಿವಾಸಪುರದ ಕಡೆಯ ಶೋಭಾ ಎಂಬ ವಿದ್ಯಾರ್ಥಿನಿಗೆ ತೆಲುಗು ಮನೆಮಾತು. ತೆಲುಗನ್ನೇ ಹೆಚ್ಚು ಆಡುವ ಕಾಲೊನಿಯ ಮುದುಕರ ಜೊತೆ ಕೂತು ಮಾತಾಡುವ ಕೆಲಸ ಅವಳದಾಯಿತು. ಗಂಗಾ ತಾನೇ ಮುಂದೆ ಬಂದು ಅವಳ ಜೊತೆ ಮನೆ ಮನೆ ತಿರುಗಿದಳು. ಉಳಿದವರು ಪಕ್ಕದೂರಿನ ಶಾಲೆಯ ದಾಖಲಾತಿ ಪುಸ್ತಕ, ಆರೋಗ್ಯ ಕೇಂದ್ರದ ಲಸಿಕೆ ರಿಜಿಸ್ಟರ್ ಹುಡುಕಿದರು. ಧೂಳು ಹಿಡಿದ ಶಾಲೆಯ ಪುಸ್ತಕದಲ್ಲಿ ಎಲ್ಲಮ್ಮನ ಮಗನ ಹೆಸರೂ, ಅವನಿಗಿಂತ ದೊಡ್ಡವರ ಹೆಸರುಗಳೂ ಸಿಕ್ಕವು. ಊರಿನ ಕಾಲಂನಲ್ಲಿ ಇದೇ ಕಾಲೊನಿ. ಮಾವಿನ ಕಾಲ ಬಂದಾಗ ನಾವೂ ತೋಪಿಗೆ ಹೋದೆವು. ಯಾವ ಮನೆಯವರು ಯಾವತ್ತು ಹೋದರು, ಯಾವತ್ತು ಬಂದರು, ಎಲ್ಲ ಬರೆದುಕೊಂಡೆವು.

ವರದಿ ಸಿದ್ಧವಾದ ಮೇಲೆ ಎಲ್ಲಮ್ಮ ತಡೆದಳು. "ಕಚೇರಿಗೆ ಆಮೇಲೆ ಕೊಡು. ಮೊದ್ಲು ನಮ್ಗೆ ಓದು." ಹುಣಸೆ ಮರದ ಕೆಳಗೆ ಕಾಲೊನಿಯೆಲ್ಲ ಸೇರಿತು. ನಾನು ಕನ್ನಡದಲ್ಲಿ ಓದಿದೆ, ಶೋಭಾ ತೆಲುಗಿನಲ್ಲಿ ಹೇಳಿದಳು. ಒಂಬತ್ತು ಕಡೆ ತಿದ್ದಿಸಿದರು. 'ಬಡತನದಿಂದ ವಲಸೆ ಹೋಗುತ್ತಾರೆ' ಎಂಬಲ್ಲಿ ಒಬ್ಬ ಗಂಡಸು ಕೈ ಎತ್ತಿದ: "ತೋಪು ಕಾಯೋದು ನಮ್ಮ ಕಸುಬು ಮೇಡಂ. ಕಸುಬು ಅಂತ ಬರೀರಿ." ಹಾಗೇ ಬರೆದೆ.

ಹೊಸ ವರದಿ, ಹಳೆಯದನ್ನು ಹಿಂಪಡೆಯುವ ನನ್ನ ಪತ್ರ, ಗಂಗಾಳ ಹೊಸ ಅರ್ಜಿ ಮೂರನ್ನೂ ಕಚೇರಿಗೆ ಕೊಟ್ಟೆವು. ಸ್ಥಳ ಪರಿಶೀಲನೆಗೆ ಬಂದ ಅಧಿಕಾರಿ ಎರಡು ವರದಿಗಳನ್ನೂ ಮುಂದಿಟ್ಟುಕೊಂಡು ಕೇಳಿದರು: "ಎರಡಕ್ಕೂ ನಿಮ್ಮದೇ ಸಹಿ. ಯಾವುದನ್ನ ನಂಬಲಿ?"

"ಎರಡನೇದನ್ನ, ಸರ್. ಮೊದಲನೇದನ್ನ ಮನೆಗೆ ಬೀಗ ಹಾಕಿದ್ದು ನೋಡಿ ಬರೆದೆ. ಇದನ್ನ ಮನೆಯವರನ್ನ ಕೇಳಿ ಬರೆದಿದ್ದೀನಿ. ಹಳೇದನ್ನ ಹಿಂಪಡೀತೀನಿ ಅಂತ ಬರ್ಕೊಟ್ಟಿದ್ದೀನಿ."

ಅವರು ನನ್ನ ಪತ್ರವನ್ನು ಎರಡು ಸಲ ಓದಿದರು. ಆಮೇಲೆ ಶಾಲೆಯ ಪುಸ್ತಕ ತರಿಸಿ ಒಂದೊಂದೇ ಹೆಸರು ತಾಳೆ ನೋಡಿದರು. ತಿಂಗಳೊಳಗೆ ಗಂಗಾಳ ಪ್ರಮಾಣಪತ್ರ ಬಂತು, ಅದರ ಹಿಂದೆಯೇ ಕಾಲೊನಿಯ ಇನ್ನೂ ನಾಲ್ವರದು. ನನ್ನ ಪ್ರಮೋಷನ್ ಒಂದು ಸುತ್ತು ತಡವಾಯಿತು. ಅದರ ಬಗ್ಗೆ ನನಗೆ ದೂರಿಲ್ಲ.

ಆದರೆ ಅಷ್ಟರಲ್ಲಿ ಗಂಗಾಳ ಮೊದಲ ಸೀಟು ಕೈತಪ್ಪಿ ವರ್ಷವೇ ಉರುಳಿತ್ತು. ಅವಳು ಮುಂದಿನ ವರ್ಷದ ತಂಡದ ಜೊತೆ ನರ್ಸಿಂಗ್ ಸೇರಿದಳು. ಹಾಸ್ಟೆಲಿಗೆ ಬಿಡಲು ಹೋದ ದಿನ, ಆ ವರ್ಷವನ್ನು ಹಿಂದಕ್ಕೆ ಕೊಡಲು ನನ್ನಿಂದ ಆಗುವುದಿಲ್ಲ ಎಂದೆ.

ಅವಳು ಟ್ರಂಕು ಕೆಳಗಿಟ್ಟಳು. "ನಂದು ಹೋಯ್ತು ಬಿಡಿ ಮೇಡಂ. ನಿಮ್ಮ ಸ್ಟೂಡೆಂಟ್ಸು ಇನ್ನೂ ಎಷ್ಟು ಊರಿಗೆ ಹೋಗ್ತಾರೋ. ಅಲ್ಲಿ ಯಾರ್ದೂ ವರ್ಷ ಹೋಗದಂಗೆ ನೋಡ್ಕೊಳ್ಳಿ."

ಯಾರ ಬಗ್ಗೆ ಬರೆಯುತ್ತೇವೋ ಅವರ ಎದುರು ಓದಲಾಗದ ವಾಕ್ಯವನ್ನು ಬರೆಯಬಾರದು. ನನ್ನ ವೃತ್ತಿಯಲ್ಲಿ ಕಲಿತ ಪಾಠ ಇದು, ಕಲಿಸಿದವರು ಎಲ್ಲಮ್ಮ ಮತ್ತು ಹದಿನೆಂಟರ ಗಂಗಾ. ಇವತ್ತಿಗೂ ಜನರ ಮುಂದೆ ಓದದ ವರದಿಗೆ ನಾನು ಸಹಿ ಹಾಕುವುದಿಲ್ಲ.