ಅವ್ವ ಸ್ಟೀರಿಂಗ್ ಹಿಡಿದದ್ದು

ಅಪ್ಪ ಹೈದರಾಬಾದಿನ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳ ಮೇಲ್ವಿಚಾರಕರಾಗಿದ್ದರು. ಕಲಬುರಗಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು, ಮದುವೆಯಾದ ಮೇಲೆ ಅವ್ವನನ್ನೂ ಕರೆತಂದು ತಾರ್ನಾಕದ ಒಂದು ಇಳಿಜಾರು ಗಲ್ಲಿಯಲ್ಲಿ ಮನೆ ಮಾಡಿದರು. ಯಂತ್ರದ ಮುಂದೆ ಎಚ್ಚರ ತಪ್ಪಿದವರ ಬೆರಳು ಹೋಗುವುದನ್ನು ಕಣ್ಣಾರೆ ಕಂಡಿದ್ದರಿಂದಲೋ ಏನೋ, ಆಮೇಲೆ ಕೊಂಡ ಕಾರಿನ ವಿಷಯದಲ್ಲಿ ಅವರದು ವಿಪರೀತ ಶಿಸ್ತು. ಹತ್ತುವ ಮೊದಲು ಕಾರಿನ ಸುತ್ತ ಒಂದು ಸುತ್ತು ಬಂದು ಟೈರುಗಳ ಕೆಳಗೆ ಬಗ್ಗಿ ನೋಡುತ್ತಿದ್ದರು. ಬೆಲ್ಟು ಕಟ್ಟಿಕೊಳ್ಳಿ ಎಂದು ಊರಿನಲ್ಲಿ ಯಾರೂ ಕೇಳದಿದ್ದ ಕಾಲದಲ್ಲೇ ಅವ್ವನ ಸೀರೆಯ ಮೇಲೆ ಬೆಲ್ಟು ಬಿಗಿಸುತ್ತಿದ್ದರು. ಇಸ್ತ್ರಿ ಹೋಯಿತೆಂದು ಅವ್ವ ಗೊಣಗಿದರೂ ಬಿಡುತ್ತಿರಲಿಲ್ಲ.

ಮಾದಾಪುರದ ಕಡೆ ಸಾಫ್ಟ್‌ವೇರ್ ಕಂಪನಿಗಳು ಎದ್ದು ನಿಂತ ಮೇಲೆ ನಮ್ಮ ಗಲ್ಲಿಯ ಚಹರೆಯೇ ಬದಲಾಯಿತು. ಸ್ಕೂಟರ್ ಇದ್ದ ಮನೆಗಳ ಮುಂದೆಲ್ಲ ಕಾರು ಬಂತು. ಕಾರು ಬಂತೇ ಹೊರತು ನಿಲ್ಲಿಸುವ ಜಾಗ ಬರಲಿಲ್ಲ. ಒಬ್ಬರ ಗೇಟಿಗೆ ಇನ್ನೊಬ್ಬರು ಅಡ್ಡ ನಿಲ್ಲಿಸಿ ಬೆಳಿಗ್ಗೆ ಬೆಳಿಗ್ಗೆಯೇ ತೆಲುಗು, ಹಿಂದಿ, ಉರ್ದು ಮೂರರಲ್ಲೂ ಜಗಳ ನಡೆಯುತ್ತಿತ್ತು. ಅಪ್ಪನ ಕಾರು ಮಾತ್ರ ನಮ್ಮ ಕಾಂಪೌಂಡಿಗೆ ಒರಗಿದಂತೆ, ಮುಂದಿನ ಚಕ್ರ ಗೋಡೆಯ ಕಡೆ ತಿರುಗಿ, ಗೇರಿನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದುಕೊಂಡು ನಿಂತಿರುತ್ತಿತ್ತು. ಇಳಿಜಾರಿನಲ್ಲಿ ಒಂದನ್ನೇ ನೆಚ್ಚಿಕೊಳ್ಳಬಾರದು, ಬ್ರೇಕ್ ಸೋತರೆ ಗೇರು ಹಿಡಿಯುತ್ತದೆ, ಗೇರು ಸೋತರೆ ಗೋಡೆ ಹಿಡಿಯುತ್ತದೆ ಎನ್ನುತ್ತಿದ್ದರು.

ನನಗೂ ಅಂಥದೇ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕಂಪನಿಯ ಕ್ಯಾಬ್ ಗಲ್ಲಿಯೊಳಗೆ ಬರುತ್ತಿರಲಿಲ್ಲ. ದೊಡ್ಡ ರಸ್ತೆಯವರೆಗೆ ಬೆಳಿಗ್ಗೆ ಅಪ್ಪ ಬಿಟ್ಟು ಬರುವುದು, ಸಂಜೆ ಕರೆದುಕೊಂಡು ಬರುವುದು ನಡೆಯಿತು. ಆಗ ಅವರು ನಿವೃತ್ತರಾಗಿದ್ದರು, ಈ ಕೆಲಸ ಅವರಿಗೆ ಖುಷಿಯೇ. ಸಂಜೆ ಅವ್ವನೂ ಜೊತೆಗೆ ಬರುತ್ತಿದ್ದಳು, ತರಕಾರಿ ಕೊಳ್ಳುವ ನೆಪದಲ್ಲಿ.

ಯಾವಾಗ ಶುರುವಾಯಿತೋ ಸರಿಯಾಗಿ ಹೇಳಲಾರೆ. ಕಾರಿನ ಎಡಗಡೆ ಒಂದು ಗೀರು ಕಂಡಿತು. ಯಾರೋ ಉಜ್ಜಿ ಹೋಗಿದ್ದಾರೆ ಎಂದರು ಅಪ್ಪ. ಕೆಲವು ದಿನಗಳಲ್ಲಿ ಅದರ ಪಕ್ಕದಲ್ಲೇ ಇನ್ನೊಂದು. ಗೋಡೆಗೆ ಒರಗಿ ನಿಲ್ಲುತ್ತಿದ್ದ ಕಾರು ಗೋಡೆಯಿಂದ ಮೊಳ ದೂರ ನಿಲ್ಲತೊಡಗಿತು, ಎದುರುಮನೆಯವರು ಮುಖ ಸಿಂಡರಿಸಿದರು. ಪಕ್ಕದಿಂದ ಬೈಕು ನುಗ್ಗಿದರೆ ಅಪ್ಪ ಬೆಚ್ಚಿಬೀಳುತ್ತಿದ್ದರು. ಈಗಿನ ಹುಡುಗರಿಗೆ ಶಿಸ್ತಿಲ್ಲ ಎಂದು ಬೈಯುತ್ತಿದ್ದರು. ಬೈಗುಳ ನಿಜವೇ ಆಗಿದ್ದುದರಿಂದ ನಾವೂ ನಂಬಿದೆವು. ಆ ದಿನಗಳಲ್ಲಿ ಹೈದರಾಬಾದಿನ ರಸ್ತೆಯಲ್ಲಿ ಯಾರು ತಾನೇ ಬೆಚ್ಚುತ್ತಿರಲಿಲ್ಲ?

ಒಂದು ಸಂಜೆ, ದೀಪ ಹಚ್ಚುವ ಹೊತ್ತು. ನಾನು ಹಿಂದೆ ಕುಳಿತಿದ್ದೆ, ಅವ್ವ ಮುಂದೆ. ಕಾರು ದೊಡ್ಡ ರಸ್ತೆಯಿಂದ ನಮ್ಮ ಗಲ್ಲಿಗೆ ಎಡಕ್ಕೆ ತಿರುಗುತ್ತಿತ್ತು. ಅಪ್ಪ ಇಂಡಿಕೇಟರ್ ಹಾಕಿದ್ದರು, ವೇಗವೂ ಇರಲಿಲ್ಲ. ಅಲ್ಲೇ ಎಡಬದಿಯಲ್ಲಿ ಒಬ್ಬ ಹೆಂಗಸು ಟೊಮೆಟೊ ಬಂಡಿಯನ್ನು ತಳ್ಳಿಕೊಂಡು ಹೋಗುತ್ತಿದ್ದಳು. ನನಗೆ ಕಾಣುತ್ತಿತ್ತು. ಅಪ್ಪನಿಗೂ ಕಾಣುತ್ತಿದೆ, ಈಗ ನಿಲ್ಲಿಸುತ್ತಾರೆ ಅಂದುಕೊಂಡೆ.

“ನಿಲ್ಲಸ್ರಿ!” ಎಂದು ಅವ್ವ ಅವರ ತೋಳು ಹಿಡಿದಳು.

ಬ್ರೇಕ್ ಬಿತ್ತು. ಬಂಪರ್ ಬಂಡಿಗೆ ತಾಗಿ ಬಂಡಿ ವಾಲಿತು, ಟೊಮೆಟೊ ರಸ್ತೆಗೆಲ್ಲ ಉರುಳಿದವು. ಆ ಹೆಂಗಸು ಹಿಂದಕ್ಕೆ ಹಾರಿದ್ದಳು, ಪುಣ್ಯಕ್ಕೆ ಏನೂ ಆಗಿರಲಿಲ್ಲ. ಅವಳು ತೆಲುಗಿನಲ್ಲಿ ಬೈಯುತ್ತಲೇ ಇದ್ದಳು. ಅವ್ವ ಇಳಿದು ಅವಳ ಕೈ ಹಿಡಿದು, ತೆಲುಗಿನಲ್ಲೇ ಸಮಾಧಾನ ಹೇಳುತ್ತ ಅವಳನ್ನು ಕಟ್ಟೆಯ ಮೇಲೆ ಕೂರಿಸಿದಳು. ಅಪ್ಪ ಮೊಣಕಾಲೂರಿ ಟೊಮೆಟೊ ಆರಿಸತೊಡಗಿದರು. ನಾನೂ ಆರಿಸಿದೆ. ಅವರ ಮೊಣಕೈ ಪಕ್ಕದಲ್ಲೇ ಬಿದ್ದಿದ್ದ ಹಣ್ಣುಗಳನ್ನು ಬಿಟ್ಟು ಎದುರಿಗಿದ್ದವನ್ನಷ್ಟೇ ಅವರು ಎತ್ತುತ್ತಿದ್ದರು. ಆ ಗಡಿಬಿಡಿಯಲ್ಲಿ ಅದರ ಅರ್ಥ ನನಗೆ ಹೊಳೆಯಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಹೇಳಿದರು: “ಆಕಿ ನನಗ ಕಾಣಲೇ ಇಲ್ಲ.”

ಅವ್ವ ಮರುದಿನವೇ ಕಣ್ಣಿನ ಆಸ್ಪತ್ರೆಗೆ ಹೊರಡಿಸಿದಳು. ಡಾಕ್ಟರು ಗೋಡೆಯ ಅಕ್ಷರ ಓದಿಸಿದಾಗ ಅಪ್ಪ ಸಣ್ಣ ಸಾಲನ್ನೂ ಗಡಗಡ ಓದಿದರು, ನಮ್ಮ ಕಡೆ ಗೆದ್ದವರಂತೆ ನೋಡಿದರು. ಆಮೇಲೆ ಡಾಕ್ಟರು, ನೇರ ತಮ್ಮನ್ನೇ ನೋಡುವಂತೆ ಹೇಳಿ, ಅಪ್ಪನ ಕಿವಿಯ ಪಕ್ಕದಿಂದ ಒಂದು ಪೆನ್ನನ್ನು ಮೆಲ್ಲಗೆ ಮುಂದಕ್ಕೆ ತಂದರು. ಕಂಡ ಕೂಡಲೇ ಹೇಳಬೇಕು. ಪೆನ್ನು ಕೆನ್ನೆ ದಾಟಿತು, ಕಣ್ಣಿನ ಅಂಚು ದಾಟಿತು. ಅಪ್ಪ ಏನೂ ಹೇಳಲಿಲ್ಲ. ಅದು ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬಂದಾಗ “ಹಾಂ” ಅಂದರು. ಅವ್ವ ನನ್ನ ಕೈ ಒತ್ತಿದಳು.

ಗ್ಲಾಕೋಮಾ. ಪಕ್ಕದ ನೋಟ ಸದ್ದಿಲ್ಲದೆ ಸವೆದುಹೋಗಿತ್ತು. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಔಷಧಿಯಿಂದ ಕಾಪಾಡಿಕೊಳ್ಳಬಹುದು, ಆದರೆ ಇನ್ನು ಕಾರು ಓಡಿಸಕೂಡದು ಎಂದರು ಡಾಕ್ಟರು. ಅಪ್ಪ ಆಟೋದಲ್ಲಿ ಮನೆಗೆ ಬಂದು, ಕಾರಿನ ಚಾವಿಯನ್ನು ಮೊಳೆಗೆ ನೇತುಹಾಕಿ, ಬಟ್ಟೆ ಕೂಡ ಬದಲಿಸದೆ ಮಲಗಿಕೊಂಡರು.

ನಂತರದ ತಿಂಗಳು ನಮಗೆ ಕಷ್ಟದ್ದು. ಕಾರಿಗೆ ಹೊದಿಕೆ ಬಿತ್ತು. ಭಾನುವಾರ ಅಪ್ಪ ಹೊದಿಕೆ ತೆಗೆದು ಒರೆಸಿ, ಎಂಜಿನ್ ಚಾಲೂ ಮಾಡಿ, ಒಳಗೆ ಸುಮ್ಮನೆ ಕುಳಿತಿದ್ದು ಮತ್ತೆ ಹೊದಿಸಿ ಬರುತ್ತಿದ್ದರು. ಓಡದ ಕಾರಿಗೆ ಜಾಗ ಯಾಕೆ ಎಂದು ಗಲ್ಲಿಯವರು ಸೂಕ್ಷ್ಮವಾಗಿ ಕೇಳತೊಡಗಿದರು. ಮಾರಿಬಿಡಬಹುದು ಎಂದು ನಾನೂ ಒಮ್ಮೆ ಅಂದೆ. ಅಪ್ಪ ಆಗಲಿ ಎಂದು ತಲೆಯಾಡಿಸಿದರು. ಆ ತಲೆಯಾಡಿಸಿದ್ದನ್ನು ನೋಡಿ ನನಗೇ ಸಂಕಟವಾಯಿತು.

ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದ ಅವ್ವ ತಲೆ ಎತ್ತದೆ, “ಮಾರೋದು ಬ್ಯಾಡ. ನಾ ಕಲೀತೀನಿ” ಅಂದಳು.

ಐವತ್ತು ದಾಟಿದ್ದ, ಸೈಕಲ್ಲನ್ನೂ ತುಳಿಯದ ಅವ್ವ. ಅಪ್ಪ ಅವಳ ಮುಖ ನೋಡಿದರು, ತಮಾಷೆಯಲ್ಲ ಎಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಅಲ್ಲಿಯ ಕಾರಿನಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ ಎಂಬ ಧೈರ್ಯ. ಮನೆಯಲ್ಲಿ ಅಪ್ಪ ಪಾಠ ಹೇಳಿದರು. ತಿರುವಿನಲ್ಲಿ ಯಾಕೆ ಬೇರೆ ಗಾಡಿಯನ್ನು ಹಿಂದೆ ಹಾಕಬಾರದು, ಮುಂದಿನ ವಾಹನದ ಹಿಂಬದಿ ಗಾಲಿ ಕಾಣುವಷ್ಟು ದೂರ ಯಾಕೆ ನಿಲ್ಲಬೇಕು, ಬಾಗಿಲು ತೆಗೆಯುವ ಮೊದಲು ಯಾಕೆ ಕನ್ನಡಿ ನೋಡಬೇಕು. ತಟ್ಟೆ ಲೋಟ ಜೋಡಿಸಿ ನಾಲ್ಕು ರಸ್ತೆ ಕೂಡುವ ಚೌಕ ಮಾಡುತ್ತಿದ್ದರು, ಬೆಂಕಿಪೊಟ್ಟಣ ಅವ್ವನ ಕಾರು. ತಿಂಗಳ ನಂತರ ಅಪ್ಪನ ದನಿಗೆ ಮತ್ತೆ ಜೀವ ಬಂದಿತ್ತು. ಅವ್ವ ಮೊದಲ ಸಲ ಪರೀಕ್ಷೆಯಲ್ಲಿ ರಿವರ್ಸ್ ಹೋಗುವಾಗ ಕಂಬ ಬೀಳಿಸಿ ಫೇಲಾದಳು. ಎರಡನೆಯ ಸಲ ಲೈಸೆನ್ಸ್ ಕೊಟ್ಟರು.

ಲೈಸೆನ್ಸ್ ಬಂದ ಮೇಲೆ ನಮ್ಮ ಕಾರಿನಲ್ಲಿ ಅಭ್ಯಾಸ. ಬೆಳಿಗ್ಗೆ ಹತ್ತಿರದ ವಿಶ್ವವಿದ್ಯಾಲಯದ ಆವರಣದ ರಸ್ತೆಗಳು ಅಗಲ, ಖಾಲಿ. ಮರಗಳ ಕೆಳಗೆ ವಾಕಿಂಗಿನವರಷ್ಟೇ ಇರುತ್ತಿದ್ದರು. ಅಪ್ಪ ಅವಳ ಪಕ್ಕದಲ್ಲಿ, ನಾನು ಹಿಂದೆ. ಮೊದಲ ದಿನವೇ ಅಪ್ಪ ಒದರಾಡಲು ಶುರುಮಾಡಿದರು. ಕ್ಲಚ್ಚು ಬಿಡು, ಬಿಡಬ್ಯಾಡ, ಎಡಕ್ಕ, ಎಷ್ಟ ಎಡಕ್ಕ, ನಿನಗ ತಿಳಿಯಂಗಿಲ್ಲೇನು. ಅವ್ವ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಕಾರನ್ನು ಅಂಚಿಗೆ ತಂದು ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಎಳೆದಳು.

“ನೋಡ್ರಿ,” ಅಂದಳು. “ಮಾತಾಡೋದಿದ್ರ ಮುಂದ ಕುಂದರ್ರಿ. ಒದರೋದಿದ್ರ ಹಿಂದ ಹೋಗ್ರಿ.”

ಅಪ್ಪ ಇಳಿದು ಹಿಂದೆ ಬಂದು ಕುಳಿತರು. ನಾನು ಮುಂದೆ ಹೋದೆ. ಆ ದಿನವೆಲ್ಲ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಮರುದಿನ ಹೊರಡುವಾಗ ಎಲ್ಲಿ ಕೂರಬೇಕೆಂದು ತಿಳಿಯದೆ ಕಾರಿನ ಪಕ್ಕ ನಿಂತೇ ಇದ್ದರು. ಅವ್ವ ಒಳಗಿನಿಂದ ಬಗ್ಗಿ ಮುಂದಿನ ಬಾಗಿಲನ್ನು ತೆರೆದಳು. ಆಮೇಲೆ ಅವರು ಒದರಲಿಲ್ಲ ಅಂತಲ್ಲ, ಒದರಿದ ಕೂಡಲೇ ತಾವೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ನಿಜವಾದ ಪರೀಕ್ಷೆ ಬಂದದ್ದು ಅಪ್ಪನ ಕಣ್ಣಿನ ತಪಾಸಣೆಯ ದಿನ. ಅವ್ವ ಕಾರಿನಲ್ಲೇ ಹೋಗೋಣ ಅಂದಳು. ಹೋಗುವಾಗ ತೊಂದರೆಯಾಗಲಿಲ್ಲ. ಬರುವಾಗ ಅಪ್ಪನ ಕಣ್ಣಿಗೆ ಔಷಧಿ ಬಿಟ್ಟಿದ್ದರು, ಪಾಪೆ ಹಿಗ್ಗಿ ಬಿಸಿಲಿಗೆ ಕಣ್ಣು ತೆರೆಯುವಂತಿರಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಿಂದ ಮೇಲೆ ಬರುವ ಕಡಿದಾದ ಏರಿನಲ್ಲಿ ಮುಂದಿನ ಕಾರು ನಿಂತುಬಿಟ್ಟಿತು. ಅವ್ವನೂ ನಿಲ್ಲಿಸಿದಳು. ಹಿಂದೆ ಸಾಲುಗಟ್ಟಿದ ಕಾರುಗಳು. ಮುಂದಿನವನು ಹೊರಟ ಮೇಲೆ ಅವ್ವ ಕ್ಲಚ್ಚು ಬಿಟ್ಟಳು, ಎಂಜಿನ್ ಬಂದ್ ಆಯಿತು. ಕಾರು ಗೇಣುದ್ದ ಹಿಂದೆ ಸರಿಯಿತು. ಅವಳು ಬ್ರೇಕ್ ಒತ್ತಿದಳು. ಹಿಂದಿನವರು ಹಾರ್ನ್ ಒತ್ತತೊಡಗಿದರು.

ಅಪ್ಪನ ಕೈ ಹ್ಯಾಂಡ್‌ಬ್ರೇಕಿನ ಕಡೆ ಹೋದದ್ದನ್ನು ಹಿಂದಿನಿಂದ ನೋಡಿದೆ. ಅರ್ಧಕ್ಕೆ ನಿಂತಿತು, ಮರಳಿ ತೊಡೆಯ ಮೇಲೆ ಬಂತು. ಕಣ್ಣು ಮುಚ್ಚಿಕೊಂಡೇ ಹೇಳಿದರು: “ಅವರು ಬಾರಿಸ್ಲಿ. ಅವಸರ ಅವರಿಗೈತಿ, ನಮಗಿಲ್ಲ. ಹ್ಯಾಂಡ್‌ಬ್ರೇಕ್ ಎಳಿ. ಈಗ ಚಾಲೂ ಮಾಡು.”

ಅವ್ವ ಹಾಗೇ ಮಾಡಿದಳು. ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಬಂದಳು, ಕಾರಿನ ಮೂತಿ ತುಸು ಎದ್ದಿತು. “ಈಗ ಬಿಡು” ಅಂದರು ಅಪ್ಪ. ಅವಳು ಅಷ್ಟರಲ್ಲಾಗಲೇ ಹ್ಯಾಂಡ್‌ಬ್ರೇಕ್ ಬಿಟ್ಟಿದ್ದಳು. ಕಾರು ಮೇಲೇರಿ ಬಿಸಿಲಿಗೆ ಬಂತು. ಮನೆ ಮುಟ್ಟಿ ಗೋಡೆಯ ಪಕ್ಕ ನಿಲ್ಲಿಸಿದ ಮೇಲೆ ಅವ್ವ ಗೇರು ಹಾಕಿ ಹ್ಯಾಂಡ್‌ಬ್ರೇಕ್ ಎಳೆದಳು. ಅಪ್ಪ ಅವಳ ಕೈ ಹಿಡಿದುಕೊಂಡು ಕುಳಿತರು. ನಾನು ಚಾ ಇಡುತ್ತೇನೆಂದು ಇಳಿದು ಒಳಗೆ ಹೋದೆ.

ಆಮೇಲೆ ನನ್ನನ್ನು ಕ್ಯಾಬಿಗೆ ಬಿಡುವವಳು ಅವ್ವನೇ ಆದಳು. ಅಪ್ಪ ಪಕ್ಕದಲ್ಲಿ ಕುಳಿತು ಬರುತ್ತಿದ್ದರು, ಎಡದ ಕಡೆಗೆ ಪೂರ್ತಿ ಕತ್ತು ಹೊರಳಿಸಿ ನೋಡಿ, ದಾರಿ ಖಾಲಿ ಐತಿ ಎಂದು ಹೇಳುತ್ತಿದ್ದರು. ಅವ್ವ ತಾನೂ ಒಮ್ಮೆ ನೋಡಿಕೊಂಡೇ ತಿರುಗಿಸುತ್ತಿದ್ದಳು. ಅಪ್ಪನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ಮುಂದಿನ ವರ್ಷ ಹುಮನಾಬಾದಿನಲ್ಲಿ ಅವ್ವನ ತಂಗಿಯ ಮಗಳ ಮದುವೆ. ನನಗೆ ರಜೆ ಸಿಗಲಿಲ್ಲ. ಬಸ್ಸಿಗೆ ಹೋಗಿ ಎಂದು ನಾನು ಎಷ್ಟು ಹೇಳಿದರೂ ಕೇಳದೆ, ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಇಬ್ಬರೇ ಕಾರಿನಲ್ಲಿ ಹೊರಟರು. ಲಾರಿಗಳು ತುಂಬಿದ ಮುಂಬೈ ಹೆದ್ದಾರಿ. ನಾನು ಆಫೀಸಿನಲ್ಲಿ ಕುಳಿತು, ಗಾಡಿ ಓಡಿಸುವಾಗ ಫೋನ್ ಎತ್ತಬಾರದೆಂಬ ಅಪ್ಪನದೇ ನಿಯಮಕ್ಕೆ ಹೆದರಿ, ಫೋನ್ ಮಾಡದೆ ಒದ್ದಾಡಿದೆ. ಮಧ್ಯಾಹ್ನ ಅವಳೇ ಮಾಡಿದಳು. ಹಿಂದೆ ಮದುವೆಮನೆಯ ಗದ್ದಲ ಕೇಳುತ್ತಿತ್ತು. ಸುಖವಾಗಿ ಬಂದೆವು, ನಡುವೆ ಒಂದು ಕಡೆ ನಿಲ್ಲಿಸಿ ಚಾ ಕುಡಿದೆವು ಅಂದಳು.

ಅಪ್ಪ ದಾರಿಯುದ್ದಕ್ಕೂ ಒದರಿದರೇ ಎಂದು ಕೇಳಿದೆ.

“ಇಲ್ಲವಾ,” ಅಂದಳು ಅವ್ವ. “ಜಹೀರಾಬಾದ್ ದಾಟಿದ ಮ್ಯಾಲೆ ಮಕ್ಕೊಂಡ್ಬಿಟ್ರು. ಚೌಲ್ಟ್ರಿ ಮುಂದ ಗಾಡಿ ಹಚ್ಚಿದ ಮ್ಯಾಲೆ ನಾನ ಎಬ್ಬಿಸೀನಿ.”