ಕ್ಯಾರಿಯರ್ ಮೇಲೆ ಹಳೇಬೀಡಿಗೆ

ಅರವತ್ತರ ದಶಕದ ಮೊದಲ ವರ್ಷಗಳು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಗುಟ್ಟು ಎನ್ನುವುದೇ ಇರಲಿಲ್ಲ. ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನುತ್ತಿದ್ದರು. ಹೆಂಗಸೊಬ್ಬಳು ತಿಂಗಳಿಗೊಮ್ಮೆ ಮೂರು ದಿನ ಹೊರಗೆ ಕೂತರೆ ಸಾಲು ಮನೆಗಳಿಗೆಲ್ಲ ಗೊತ್ತಾಗುತ್ತಿತ್ತು. ಕೂರದಿದ್ದರೆ ಇನ್ನೂ ಬೇಗ ಗೊತ್ತಾಗುತ್ತಿತ್ತು. ಮೊದಲ ಸಲ ಬಸಿರಾದಾಗ ನಾನು ಕೂರಲಿಲ್ಲ. ನಮ್ಮವರು ಖುಷಿ ತಡೆಯಲಾರದೆ ಸ್ಟೇಷನ್ನಿನಲ್ಲಿ ಎಲ್ಲರಿಗೂ ಪೆಪ್ಪರ್‌ಮಿಂಟ್ ಹಂಚಿ ಬಂದರು. ಮೂರನೇ ತಿಂಗಳಲ್ಲಿ ಅದು ಹೋಯಿತು. ನನ್ನ ತಾಯಿ ಬಂದು ಹದಿನೈದು ದಿನ ಇದ್ದು, ಹೊರಡುವಾಗ ಕಿವಿಯಲ್ಲಿ ಹೇಳಿದರು: "ಇನ್ನೊಂದ್ಸಲ ಮೂರು ತಿಂಗಳು ತುಂಬೋವರೆಗೂ ಬಾಯಿ ಬಿಡಬೇಡ ಕಣೇ. ಜನರ ಕಣ್ಣು ಬೀಳುತ್ತೆ."

ಹಾಗಾಗಿ ಎರಡನೇ ಸಲ ದಿನ ತಪ್ಪಿದಾಗ ನಾನೊಂದು ಉಪಾಯ ಮಾಡಿದೆ. ಕಾಗೆ ಮುಟ್ಟಿದೆ ಎಂದು ಸುಳ್ಳು ಹೇಳಿ, ಹಿತ್ತಲ ಬಾಗಿಲ ಬಳಿ ಚಾಪೆ ಹಾಕಿಕೊಂಡು ಕೂತುಬಿಟ್ಟೆ. ನಮ್ಮವರಿಗೂ ನಿಜ ಹೇಳಲಿಲ್ಲ. ಅವರು ಬುಕಿಂಗ್ ಕ್ಲರ್ಕು. ಟಿಕೆಟ್ಟಿನ ಜೊತೆಗೆ ನಾಲ್ಕು ಸುದ್ದಿಯನ್ನೂ ಕೊಟ್ಟು ಕಳಿಸುವ ಆಸಾಮಿ. ಮೂರು ದಿನವೂ ಅವರೇ ಅನ್ನ ಸಾರು ಬೇಯಿಸಿ ದೂರದಿಂದ ಬಡಿಸಿದರು. ಇಂಗಿನ ವಾಸನೆಗೆ ನನ್ನ ಹೊಟ್ಟೆ ತೊಳಸುತ್ತಿದ್ದರೆ, "ಉಪ್ಪು ಜಾಸ್ತಿಯಾಯ್ತೇನೇ?" ಎಂದು ಪಾಪ ಕೇಳುತ್ತಿದ್ದರು. ನಾಲ್ಕನೇ ದಿನ ತಲೆಗೆ ಸ್ನಾನ ಮಾಡಿ ಒಳಗೆ ಬಂದು, ಗೆದ್ದೆ ಎಂದುಕೊಂಡೆ.

ಅದೇ ಸಂಜೆ ಪಕ್ಕದ ಮನೆಯ ಗಾರ್ಡಿನ ಹೆಂಡತಿ ಬೇಲಿಯಾಚೆಯಿಂದ ಕೂಗಿದರು. "ನಿಮ್ಮ ಸ್ನಾನಾನೇ ಕಾಯ್ತಾ ಇದ್ವು ಕಣ್ರೀ! ಇನ್ನು ಒಂದು ತಿಂಗಳು ಯೋಚನೆ ಇಲ್ವಲ್ಲ. ಭಾನುವಾರ ಎಲ್ಲರೂ ಹಳೇಬೀಡಿಗೆ!"

ಗಾರ್ಡು ದಂಪತಿ, ಹೊಸದಾಗಿ ಮದುವೆಯಾದ ಇನ್ನೊಂದು ಜೋಡಿ, ಮತ್ತೆ ನಾವು. ಬೆಳಗಿನ ಪ್ಯಾಸೆಂಜರಿನಲ್ಲಿ ಸೈಕಲ್ಲುಗಳನ್ನೂ ಹಾಕಿಕೊಂಡು ಬಾಣಾವರದವರೆಗೆ ಹೋಗುವುದು, ಅಲ್ಲಿಂದ ಜಾವಗಲ್ ಮೇಲೆ ಸೈಕಲ್ ಸವಾರಿ, ಹೆಂಗಸರು ಕ್ಯಾರಿಯರ್ ಮೇಲೆ. ದೇವಸ್ಥಾನಕ್ಕೆ ಬರಲಾಗದು ಎನ್ನಲು ಹೆಂಗಸಿಗಿರುವುದು ಒಂದೇ ಗಟ್ಟಿ ನೆಪ. ಅದನ್ನು ನಾನು ಆಗಲೇ ಖರ್ಚು ಮಾಡಿ ಕೂತಿದ್ದೆ. ತಲೆನೋವು ಎಂದೆ. ಗಾಳಿಗೆ ಬಂದರೆ ಸರಿಹೋಗುತ್ತೆ ಎಂದರು.

ಬಾಣಾವರ ಬಿಟ್ಟೊಡನೆ ಜಲ್ಲಿ ಕಿತ್ತುಹೋದ ರಸ್ತೆ. ಏರು ಬಂದರೆ ಹೆಂಗಸರೆಲ್ಲ ಇಳಿದು ನಡೆಯಬೇಕು. ಉಳಿದಿಬ್ಬರು ಗೊಣಗುತ್ತಿದ್ದರು, ನನಗೆ ಮಾತ್ರ ಅದೇ ಸುಖ. ಇಳಿಜಾರು ಬಂತೋ, ಗಂಡಸರಿಗೆ ಹುರುಪು ಏರುತ್ತಿತ್ತು. ಬೆಲ್ಲು ಬಾರಿಸಿಕೊಂಡು, ಒಬ್ಬರನ್ನೊಬ್ಬರು ಹಿಂದೆ ಹಾಕಿಕೊಂಡು ಹೊಡೆಯುತ್ತಿದ್ದರು. ನಾನು ಸೀಟಿನ ಸ್ಪ್ರಿಂಗನ್ನು ಎರಡು ಕೈಯಲ್ಲೂ ಹಿಡಿದು, ಪ್ರತಿ ಗುಂಡಿಗೂ ಮೈ ಮೇಲೆತ್ತಿಕೊಳ್ಳುತ್ತಾ, ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದೆ. "ನಿಧಾನ ರೀ" ಎಂದು ಬೆನ್ನು ಚಿವುಟಿದರೆ ನಮ್ಮವರು ಸರಸವೆಂದುಕೊಂಡು ಇನ್ನೂ ಜೋರಾಗಿ ತುಳಿದರು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ರಾಗಿ ಹೊಲದಲ್ಲಿದ್ದವನೊಬ್ಬ ನೆಟ್ಟಗಾಗಿ ನಿಂತು, "ಎಲ್ಗೆ ಹೊಂಟ್ರಿ ಸ್ವಾಮೀ, ದಿಬ್ಬಣನಾ?" ಎಂದು ಕೂಗಿದ. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

ಜಾವಗಲ್ ದಾಟಿ ಒಂದು ತೆಂಗಿನ ತೋಟದಲ್ಲಿ ನೀರು ಕೇಳಿದೆವು. ತೋಟದ ಯಜಮಾನ ನೀರಿನ ಜೊತೆ ಒಂದು ದೊಡ್ಡ ಪರಂಗಿ ಹಣ್ಣನ್ನೂ ತಂದ. "ತಿನ್ನಿ ಅವ್ವಾ, ಗಿಡದಲ್ಲೇ ಹಣ್ಣಾಗೈತೆ." ಬಸುರಿ ಪರಂಗಿ ಹಣ್ಣು ಮುಟ್ಟಬಾರದೆಂದು ತೊಟ್ಟಿಲ ಕೂಸಿಗೂ ಗೊತ್ತು, ಬೇಡವೆಂದರೆ ಡಂಗುರ ಹೊಡೆದ ಹಾಗೆ. ಹೋಳು ತೆಗೆದುಕೊಂಡು, ಎಲ್ಲರೂ ಅತ್ತ ತಿರುಗಿದಾಗ ಬೇಲಿಯ ಪಕ್ಕದ ಮೇಕೆಯ ಬಾಯಿಗೆ ಹಿಡಿದೆ. ಗಾರ್ಡಿನ ಹೆಂಡತಿ ತಿರುಗಿ ನೋಡಿ, "ಆಗಲೇ ಮುಗೀತಾ? ಇಷ್ಟ ಅಂತ ಕಾಣುತ್ತೆ, ತೊಗೊಳ್ಳಿ" ಎಂದು ಇನ್ನೊಂದು ಹೋಳು ಕೊಟ್ಟರು. ಪುಣ್ಯಕ್ಕೆ ಮೇಕೆ ಇನ್ನೂ ಅಲ್ಲೇ ನಿಂತಿತ್ತು.

ಹಳೇಬೀಡಿನಲ್ಲಿ ಅವರೆಲ್ಲ ಗೋಡೆಯ ಆನೆ ಕುದುರೆಗಳನ್ನು ನೋಡಿದರು, ಚಿತ್ರಾನ್ನ ತಿಂದರು, ಬಸ್ತಿಹಳ್ಳಿಯ ಬಸದಿಗಳಿಗೂ ಹೋಗಿ ಬಂದರು. ನಾನು ನಂದಿಯ ಮಂಟಪದ ನೆರಳಲ್ಲಿ ಕೂತು, ವಾಪಸು ಹೋಗುವ ದಾರಿಯಲ್ಲಿ ಇಳಿಜಾರುಗಳು ಎಷ್ಟಿವೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ಹೋಗುವಾಗಿನ ಏರೆಲ್ಲ ಬರುವಾಗ ಇಳಿಜಾರು ಎಂಬುದು ಆಗ ಹೊಳೆಯಿತು.

ಬಾಣಾವರ ಇನ್ನೊಂದು ಹರದಾರಿ ಇದೆ ಎನ್ನುವಾಗ ಒಂದು ಗುಂಡಿಗೆ ಹಿಂದಿನ ಚಕ್ರ ಬಿತ್ತು. ಸೊಂಟದಲ್ಲಿ ಚಳುಕು ಹೊಡೆಯಿತು. ಹೋದ ಸಲವೂ ಹೀಗೆಯೇ ಶುರುವಾಗಿತ್ತು. "ನಿಲ್ಲಿಸಿ!" ಎಂದು ಕಿರುಚಿದೆ. ಅವರು ನಿಲ್ಲಿಸುವಷ್ಟರಲ್ಲಿ ಧುಮುಕಿಯೇಬಿಟ್ಟಿದ್ದೆ. ಉಳಿದವರು ಆಗಲೇ ತಿರುವು ದಾಟಿದ್ದರು.

"ಏನಾಯ್ತೇ? ಸೀರೆ ಸಿಕ್ತಾ?"

"ನಾನು ಕೂರಲ್ಲ. ನಡೀತೀನಿ."

"ಬಾಣಾವರದವರೆಗಾ? ರೈಲು ಕಾಯುತ್ತಾ ನಿನಗೆ? ಅವರ ಹೆಂಡ್ತೀರು ಸುಮ್ನೆ ಕೂತಿಲ್ವಾ?"

"ಅವರ ಹೊಟ್ಟೇಲಿ ಮಗು ಇಲ್ಲ" ಎಂದುಬಿಟ್ಟೆ.

ಅವರು ಸೈಕಲ್ ಹಿಡಿದುಕೊಂಡು ಕಣ್ಣು ಕಣ್ಣು ಬಿಟ್ಟರು. ಆಮೇಲೆ ಬಂದ ಮೊದಲ ಮಾತು, "ಮೊನ್ನೆ ಮೂರು ದಿನ ನಾನು ಅಡಿಗೆ ಮಾಡಿದ್ನಲ್ಲೇ!" ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಸೊಂಟದಲ್ಲಿ ಚಳುಕು ಹೊಡೆಯಿತು ಎಂದೆ. ನೋವು ಅಲ್ಲಿ ಮಾತ್ರವೇ, ಬೇರೇನಾದರೂ ಇದೆಯೇ ಎಂದು ಕೇಳಿದರು. ಬೇರೇನೂ ಇಲ್ಲ ಎಂದೆ. ಆಮೇಲೆ ಸಣ್ಣ ದನಿಯಲ್ಲಿ, "ನನಗೂ ಹೇಳಲಿಲ್ಲವಲ್ಲೇ. ನನ್ನ ಕಣ್ಣೂ ಬೀಳುತ್ತೆ ಅಂದ್ಕೊಂಡ್ಯಾ?" ಎಂದರು.

"ಕಣ್ಣಲ್ಲ, ನಿಮ್ಮ ಬಾಯಿ."

ಅಂದ ಮೇಲೆ ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಹೋದ ಸಲ ಪೆಪ್ಪರ್‌ಮಿಂಟ್ ತಿಂದವರೆಲ್ಲ ಬುಕಿಂಗ್ ಕಿಟಕಿಗೆ ಬಂದು ವಿಚಾರಿಸಿದ್ದರು. ಅಷ್ಟು ಜನಕ್ಕೂ ಇವರೇ ಕೂತು, "ಇಲ್ಲ, ಹೋಯ್ತು" ಎಂದು ಹೇಳಬೇಕಾಗಿತ್ತು. ನಾನು ಮನೆಯೊಳಗೆ ಮುಸುಕು ಹಾಕಿಕೊಂಡು ಮಲಗಿದ್ದೆ. ಅವರಿಗೆ ಹೇಗಾಗಿತ್ತೋ, ನಾನು ಕೇಳಿರಲೂ ಇಲ್ಲ.

ತಿರುವಿನಾಚೆ ಬೆಲ್ಲು ಕೇಳಿಸಿತು. ಗಾರ್ಡು ದಂಪತಿ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು. ನಮ್ಮವರು ಸರಕ್ಕನೆ ರಸ್ತೆಯ ಪಕ್ಕಕ್ಕೆ ಹೋಗಿ, ಜಾಲಿಯಿಂದ ಒಂದು ಬಲವಾದ ಮುಳ್ಳು ಮುರಿದು ತಂದು, ಹಿಂದಿನ ಟೈರಿಗೆ ಒತ್ತಿ ಚುಚ್ಚಿದರು. ನಮ್ಮಪ್ಪ ಮದುವೆಯಲ್ಲಿ ಕೊಟ್ಟ ಸೈಕಲ್ಲು ಅದು. ಬೆಳಿಗ್ಗೆ ಅದನ್ನು ಒರೆಸದೆ ಅವರು ಕಾಫಿ ಕುಡಿದವರಲ್ಲ. ಹತ್ತಿರ ಬಂದ ಗಾರ್ಡಿಗೆ ಕಣ್ಣು ಮಿಟುಕಿಸದೆ, "ಜಾಲಿ ಮುಳ್ಳು ಸ್ವಾಮಿ, ಟ್ಯೂಬೇ ಹಾಳಾಯ್ತು. ನಿಮಗೆ ರಾತ್ರಿ ಡ್ಯೂಟಿ ಇದೆ, ಹೊರಡಿ. ನಾವು ನಡ್ಕೊಂಡು ಬಂದು ಮುಂದಿನ ಗಾಡಿಗೆ ಬರ್ತೀವಿ" ಎಂದರು.

ಗಾರ್ಡಿನ ಹೆಂಡತಿ ನನ್ನ ಮುಖ ನೋಡಿ, "ಅಯ್ಯೋ, ಇದಕ್ಕೆ ಯಾಕ್ರೀ ಅಳ್ತೀರಾ?" ಎಂದರು.

"ಅವರಪ್ಪ ಕೊಟ್ಟ ಸೈಕಲ್ ನೋಡಿ" ಎಂದರು ನಮ್ಮವರು.

ಅವರು ಹೋದ ಮೇಲೆ ನಾವು ನಡೆದೆವು. ನಡೆಯುತ್ತಾ ಚಳುಕು ಇಳಿಯಿತು. ಭಯ ಇಳಿಯಲಿಲ್ಲ, ಮಗಳು ಹುಟ್ಟಿ ಅತ್ತ ಮೇಲೇ ಅದು ಇಳಿದದ್ದು. ಆ ದಾರಿಯಲ್ಲಿ ಅವರು ಒಂದೂ ಸುದ್ದಿ ಹೇಳಲಿಲ್ಲ, ಗುಂಡಿ ಬಂದಾಗ ಮಾತ್ರ ನನ್ನ ರಟ್ಟೆ ಹಿಡಿಯುತ್ತಿದ್ದರು. ಬಾಣಾವರದ ತೆಂಗಿನ ತೋಟಗಳು ಕಾಣಿಸಿದಾಗ ಕೇಳಿದರು, "ಇನ್ನು ಎಷ್ಟು ದಿನ ಹೇಳಬಾರದು?"

"ಹತ್ತಿರ ಹತ್ತಿರ ಎರಡು ತಿಂಗಳು."

"ಆಮೇಲೂ ಬೇಡ" ಎಂದರು. "ಕೈಗೆ ಬಂದ ಮೇಲೆ ಹೇಳೋಣ."